ಕಾಲೇಜಿನ ಆವರಣದಲ್ಲಿ ಮತಪ್ರಚಾರ: ನಿಯಮ ಬರೆಯಬೇಕಾಗಿದೆ, ಏನೆಂದು ಬರೆಯಲಿ?

ಕಾಳಿತೀರ
ಕಾರವಾರದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಯಾವ ಕಾಲೇಜು ಎಂದು ಕೇಳಬೇಡಿ, ಹೇಳುವುದಿಲ್ಲ. ವಿದ್ಯಾರ್ಥಿ ಕ್ಷೇಮಪಾಲನೆಯ ಹೊಣೆ ಈ ವರ್ಷ ನನ್ನ ಕೊರಳಿಗೆ ಬಿದ್ದಿದೆ.

ಸಂಗತಿ ಹೀಗಿದೆ. ಕಳೆದ ತಿಂಗಳು ಹೊರಗಿನ ತಂಡವೊಂದು ಬಂದು ‘ಪರೀಕ್ಷಾ ಭಯ ನಿವಾರಣೆ’ ಎಂಬ ಉಚಿತ ಕಾರ್ಯಾಗಾರ ನಡೆಸಿತು. ಮೊದಲ ಒಂದು ಗಂಟೆ ಚೆನ್ನಾಗಿಯೇ ಇತ್ತು. ಟಿಪ್ಪಣಿ ಮಾಡಿಕೊಳ್ಳುವುದು ಹೇಗೆ, ನಿದ್ದೆ ಎಷ್ಟು ಬೇಕು, ಇಂಥವೆಲ್ಲ. ಕೊನೆಯ ಅರ್ಧ ಗಂಟೆ ಬಾಗಿಲು ಹಾಕಿ, ಮಕ್ಕಳ ಕಣ್ಣು ಮುಚ್ಚಿಸಿ ಪ್ರಾರ್ಥನೆ ಮಾಡಿಸಿದರು. ಹೊರಡುವಾಗ ಎಲ್ಲರ ಕೈಗೂ ಒಂದು ಹಾಳೆ ಬಂತು. ಹೆಸರು, ಮೊಬೈಲ್ ಸಂಖ್ಯೆ, ಅದರ ಕೆಳಗೆ ‘ನಿಮ್ಮ ಮನೆಯಲ್ಲಿ ಏನು ಕಷ್ಟವಿದೆ’ ಎಂಬ ಅಂಕಣ. ಈಗ ಸಂಜೆಯಾದರೆ ಹುಡುಗಿಯರಿಗೆ ಕರೆ ಬರುತ್ತಿದೆ.

ಇದು ಗದ್ದಲವಾದ ಮೇಲೆ ಇನ್ನೊಂದು ಗುಂಪು ಬಂತು. ಶನಿವಾರ ಗೀತೆಯ ಶ್ಲೋಕ ಕಲಿಸುತ್ತೇವೆ, ಕೊಠಡಿ ಕೊಡಿ, ಬಂದವರಿಗೆ ಹಾಜರಾತಿಯನ್ನೂ ಕೊಡಿ ಎಂದರು. ಅಷ್ಟರಲ್ಲಿ ಹಾಸ್ಟೆಲಿನ ಹುಡುಗನೊಬ್ಬ ಬಂದು, ತನ್ನದೇ ಮತದ ಹಿರಿಯ ವಿದ್ಯಾರ್ಥಿಗಳು ಬೆಳಗಿನ ಜಾವ ಬಾಗಿಲು ಬಡಿದು ನಮಾಜಿಗೆ ಎಬ್ಬಿಸುತ್ತಾರೆ, ಹೋಗದಿದ್ದರೆ ಮೆಸ್ಸಿನಲ್ಲಿ ಪಕ್ಕದಲ್ಲಿ ಕೂರುವುದಿಲ್ಲ ಎಂದು ಹೇಳಿಕೊಂಡ.

ಪ್ರಾಂಶುಪಾಲರು ‘ಯಾರಿಗೂ ನೋವಾಗದ ಹಾಗೆ ಅರ್ಧ ಪುಟದ ನಿಯಮ ಬರೆದು ತನ್ನಿ’ ಎಂದಿದ್ದಾರೆ. ‘ಎಲ್ಲವೂ ನಿಷೇಧ’ ಎಂದು ಬರೆದು ಕೈ ತೊಳೆದುಕೊಳ್ಳಬಹುದು. ನನಗೆ ಅದು ಸರಿ ಕಾಣುತ್ತಿಲ್ಲ. ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ?

ಘಟ್ಟದ ಮೇಲಿನವ
ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ? ಮತಪ್ರಚಾರ ಕಾನೂನುಬಾಹಿರ. ಪೊಲೀಸರಿಗೆ ದೂರು ಕೊಡಿ, ಮುಗಿಯಿತು.

ಕುಮಟಾ ವಕೀಲ
ಮುಗಿಯಲಿಲ್ಲ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬಲು, ಆಚರಿಸಲು ಮಾತ್ರವಲ್ಲ, ಪ್ರಚಾರ ಮಾಡಲೂ ಎಲ್ಲರಿಗೂ ಹಕ್ಕು ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಗಳಿಗೆ ಮತ್ತು ಉಳಿದ ಮೂಲಭೂತ ಹಕ್ಕುಗಳಿಗೆ ಒಳಪಟ್ಟು, ಅಷ್ಟೇ. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದಕ್ಕೊಂದು ಗೆರೆ ಎಳೆಯಿತು. ನಿಮ್ಮ ಮತದ ವಿಚಾರವನ್ನು ಇನ್ನೊಬ್ಬರಿಗೆ ತಿಳಿಸುವ ಹಕ್ಕು ನಿಮಗಿದೆ, ಆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಇಲ್ಲ ಎಂದಿತು. ಗೆರೆ ಎಲ್ಲಿ ಬೀಳುತ್ತದೆ ಎಂಬ ಜಗಳ ಇಂದಿಗೂ ಇದೆ, ಅದು ಬೇರೆ ಮಾತು. ಆದರೆ ಕರಪತ್ರ ಕೊಟ್ಟ ಮಾತ್ರಕ್ಕೆ ಪೊಲೀಸರನ್ನು ಕರೆಯಲು ಬರುವುದಿಲ್ಲ.

ಕಾಲೇಜಿಗೆ ಹೆಚ್ಚು ಬೇಕಾದದ್ದು 28ನೇ ವಿಧಿ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಮತಬೋಧನೆಗೆ ಅವಕಾಶವೇ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಉಳಿದ ಸಂಸ್ಥೆಗಳಲ್ಲಿ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಮತಬೋಧನೆಯಲ್ಲಾಗಲಿ ಪೂಜೆ ಪ್ರಾರ್ಥನೆಯಲ್ಲಾಗಲಿ ಭಾಗವಹಿಸಲು ಒತ್ತಾಯಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಕಾಳಿತೀರ ಅವರೇ, ನಿಮ್ಮ ಆವರಣದಲ್ಲಿ ಪಿಯುಸಿ ಕೂಡ ಇದೆಯೇ?

ಕಾಳಿತೀರ
ಇದೆ ವಕೀಲರೇ. ಅದೇ ಕಟ್ಟಡದ ಕೆಳಮಹಡಿ. ಆ ಕಾರ್ಯಾಗಾರಕ್ಕೆ ಪಿಯುಸಿ ಮಕ್ಕಳೂ ಬಂದಿದ್ದರು.

ಕುಮಟಾ ವಕೀಲ
ಹಾಗಾದರೆ ನಿಮ್ಮ ಮೊದಲ ತೊಂದರೆ ಅದೇ. ಹದಿನಾರು ಹದಿನೇಳರ ಮಕ್ಕಳನ್ನು ಬಾಗಿಲು ಹಾಕಿ ಕೂರಿಸುವುದಕ್ಕೂ ಇಪ್ಪತ್ತೊಂದರ ಹುಡುಗಿಗೆ ಗೇಟಿನ ಹೊರಗೆ ಪುಸ್ತಿಕೆ ಕೊಡುವುದಕ್ಕೂ ಒಂದೇ ನಿಯಮ ಹೊಂದುವುದಿಲ್ಲ.

ಪ್ರಶ್ನಾರ್ಥಕ
ದೇವರು, ಧರ್ಮ, ಎಲ್ಲವನ್ನೂ ಗೇಟಿನ ಹೊರಗೆ ಚಪ್ಪಲಿಯ ಹಾಗೆ ಬಿಟ್ಟು ಬರಲಿ. ಕಾಲೇಜು ಓದುವ ಜಾಗ. ಪ್ರಾರ್ಥನೆಯೂ ಬೇಡ, ಶ್ಲೋಕವೂ ಬೇಡ, ಸರಸ್ವತಿ ಪೂಜೆಯೂ ಬೇಡ.

ಹಲಸಿನ ಹಪ್ಪಳ
ಸರಸ್ವತಿ ಪೂಜೆ ಯಾರಿಗೆ ಏನು ಮಾಡಿತು ಮಾರಾಯರೇ? ಅದು ಸಂಸ್ಕೃತಿ. ಶಿರಸಿಯಲ್ಲಿ ನಾನು ಓದುವಾಗ ಎಲ್ಲ ಜಾತಿ ಮತದ ಮಕ್ಕಳೂ ಬರುತ್ತಿದ್ದರು. ಪಂಚಕಜ್ಜಾಯ ತಿಂದು ಹೋಗುತ್ತಿದ್ದರು. ಯಾರೂ ಮತ ಬಿಟ್ಟು ಓಡಲಿಲ್ಲ.

ಕೋಡಿಬಾಗದ ಗಾಳಿ
ಬರುತ್ತಿದ್ದರು ನಿಜ. ಬರದೇ ಇರಲು ಸಾಧ್ಯವಿತ್ತೇ ಎಂದು ಯಾರನ್ನಾದರೂ ಕೇಳಿದ್ದೀರಾ?

ನಾನು ಕೊಂಕಣಿ ಮಾತಾಡುವ ಕ್ಯಾಥೋಲಿಕ್ ಮನೆಯವಳು. ಮೂರು ವರ್ಷವೂ ಪೂಜೆಗೆ ಹೋದೆ, ರಂಗೋಲಿಯನ್ನೂ ಹಾಕಿದೆ, ಸಂತೋಷದಿಂದಲೇ. ನನ್ನ ಗೆಳತಿಯೊಬ್ಬಳು ಬೇರೆ ಪಂಗಡದವಳು. ಆರತಿ ತಟ್ಟೆ ಬಂದಾಗ ಕೈ ಮುಗಿಯದೆ ಸುಮ್ಮನೆ ನಿಂತಳು. ಮರುದಿನದಿಂದ ಅವಳಿಗೆ ಒಂದು ಅಡ್ಡಹೆಸರು ಬಿತ್ತು, ಪದವಿ ಮುಗಿಯುವವರೆಗೂ ಅದು ಹೋಗಲಿಲ್ಲ. ಇಟ್ಟವರು ಹುಡುಗರಲ್ಲ, ಒಬ್ಬ ಮೇಷ್ಟ್ರು.

ಇನ್ನೊಂದು ಮಾತು. ಇಂಥ ಚರ್ಚೆಯಲ್ಲಿ ಕ್ರೈಸ್ತರು ಎಂದ ಕೂಡಲೇ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಬಸ್ ನಿಲ್ದಾಣದಲ್ಲಿ ಪುಸ್ತಿಕೆ ಹಂಚುವವರು ನಮ್ಮ ಇಗರ್ಜಿಯವರಲ್ಲ. ಅವರು ನನ್ನನ್ನೂ ಬಿಟ್ಟಿಲ್ಲ! ‘ನೀನು ಮೂರ್ತಿಗೆ ಮೇಣದ ಬತ್ತಿ ಹಚ್ಚುತ್ತೀಯಲ್ಲ, ಅದು ಪಾಪ, ನಮ್ಮ ಕೂಟಕ್ಕೆ ಬಾ’ ಎಂದು ನನಗೇ ಉಪದೇಶ ಮಾಡಿದ್ದರು. ನಮ್ಮ ಅಜ್ಜಿ ಕೇಳಿದ್ದರೆ ಪೊರಕೆ ಹಿಡಿದು ಬರುತ್ತಿದ್ದರು.

ಹಲಸಿನ ಹಪ್ಪಳ
ಮೇಷ್ಟ್ರು ಹಾಗೆ ಮಾಡಿದ್ದು ತಪ್ಪು, ಒಪ್ಪಿದೆ. ಅದಕ್ಕೆ ಪೂಜೆಯನ್ನೇ ನಿಲ್ಲಿಸಬೇಕೇ? ಮೇಷ್ಟ್ರನ್ನು ಸರಿ ಮಾಡಿ.

ಕುಮಟಾ ವಕೀಲ
ಕೈ ಮುಗಿಯದೆ ನಿಂತ ಆ ಹುಡುಗಿಗೆ ಸುಪ್ರೀಂ ಕೋರ್ಟಿನ ಬೆಂಬಲ ಇದೆ. 1986ರ ಬಿಜೋ ಇಮ್ಯಾನುವೆಲ್ ತೀರ್ಪು. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆ ಹೊರಹಾಕಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ರಾಷ್ಟ್ರಗೀತೆಗೇ ಹಾಗಿರುವಾಗ ಆರತಿ ತಟ್ಟೆಯ ಮಾತೇನು.

ಘಟ್ಟದ ಮೇಲಿನವ
ನ್ಯಾಯಾಲಯದ ಮಾತು ಬಿಡಿ. ಆ ಕಾರ್ಯಾಗಾರ ನಡೆಸಿದವರ ಹೆಸರು ಮತ್ತು ಕಾಲೇಜಿನ ಹೆಸರು ನನಗೆ ಖಾಸಗಿಯಾಗಿ ಕಳಿಸಿ. ನಮ್ಮ ಹುಡುಗರು ಹೋಗಿ ಮಾತಾಡಿಸುತ್ತಾರೆ.

ಕಾಳಿತೀರ
ಕಳಿಸುವುದಿಲ್ಲ. ‘ಮಾತಾಡಿಸುವುದು’ ಎಂದರೆ ಏನೆಂದು ಈ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿದೆ. ನಾಳೆ ನನ್ನ ವಿದ್ಯಾರ್ಥಿಯೊಬ್ಬ ಬಸ್ಸಿನಲ್ಲಿ ಬೇರೆ ಮತದ ಹುಡುಗಿಯ ಪಕ್ಕ ಕೂತರೂ ಅದೇ ಹುಡುಗರು ಮಾತಾಡಿಸಲು ಬರುತ್ತಾರೆ. ಹೊರಗಿನವರು ಒಳಗೆ ಬಂದು ಉಪದೇಶ ಮಾಡುವುದು ಬೇಡ ಎನ್ನುವ ನಿಯಮ ಹೊರಗಿನವರು ಒಳಗೆ ಬಂದು ಬೆದರಿಸುವುದಕ್ಕೂ ಸಲ್ಲಬೇಕು.

ಬಾಂಗಡೆ ಪ್ರಿಯ
ಈ ಒಂದು ಮಾತಿಗೆ ನನ್ನ ಮತ.

ಮರಳದಂಡೆ
ಇಲ್ಲಿ ಎಲ್ಲರೂ ಮತಪ್ರಚಾರಕ್ಕೆ ಒಳಗಾದವರ ಪರವಾಗಿ ಮಾತಾಡುತ್ತಿದ್ದೀರಿ. ಒಳಗಾದವಳು ನಾನು. ಒಂದೆರಡು ಮಾತು ಹೇಳುತ್ತೇನೆ.

ಅಂಕೋಲಾ ಕಡೆಯ ಹಳ್ಳಿಯವಳು. ಪದವಿಯ ಎರಡನೇ ವರ್ಷ ಅಪ್ಪ ತೀರಿಕೊಂಡರು. ಹಾಸ್ಟೆಲಿಗೆ ಮರಳಿದ ಮೇಲೆ ಜ್ವರ ಬಂತು. ಕೋಣೆಯಲ್ಲಿ ಉಳಿದವರೆಲ್ಲ ಹಬ್ಬಕ್ಕೆ ಊರಿಗೆ ಹೋಗಿದ್ದರು. ಒಬ್ಬ ಹಿರಿಯ ವಿದ್ಯಾರ್ಥಿನಿ ಸ್ಟೀಲಿನ ಡಬ್ಬಿಯಲ್ಲಿ ಗಂಜಿ ತಂದಳು, ಮೇಲೆ ಒಂದು ಮಿಡಿ ಉಪ್ಪಿನಕಾಯಿ, ಮುಚ್ಚಳದಲ್ಲಿ ಜ್ವರದ ಮಾತ್ರೆ. ನಾನು ಉಂಡು ಮುಗಿಸುವವರೆಗೂ ಕೂತಿದ್ದಳು. ಆಮೇಲೆ ‘ನಿನಗಾಗಿ ಪ್ರಾರ್ಥಿಸಲೇ’ ಎಂದು ಕೇಳಿದಳು. ಕೇಳಿದಳು ಎಂಬುದನ್ನು ಗಮನಿಸಿ. ನಾನು ಬೇಡ ಎಂದೆ. ಸರಿ ಎಂದು ಡಬ್ಬಿ ತೊಳೆದುಕೊಂಡು ಹೋದಳು. ಮರುದಿನವೂ ಗಂಜಿ ಬಂತು.

ನಾನು ಅವಳ ದೇವರ ಬಗ್ಗೆ ಕೇಳಿದ್ದು ಬಹಳ ದಿನ ಕಳೆದ ಮೇಲೆ, ನಾನಾಗಿಯೇ. ಇಂದು ನನ್ನ ನಂಬಿಕೆ ಬದಲಾಗಿದೆ. ಯಾರೂ ಹಣ ಕೊಟ್ಟಿಲ್ಲ, ಕೆಲಸ ಕೊಟ್ಟಿಲ್ಲ. ಅಣ್ಣ ಮನೆಯ ಬಾಗಿಲು ಹಾಕಿದ್ದಾನೆ, ಅದು ನಾನು ತೆತ್ತದ್ದು. ಆದರೂ ಊರಿನಲ್ಲಿ ಹೇಳುವುದು ‘ಪಾಪದ ಹುಡುಗಿ, ಯಾರೋ ಮರುಳು ಮಾಡಿದರು’ ಎಂದು. ನನಗೂ ಒಂದು ತಲೆ ಇದೆ ಎಂದು ಯಾರಿಗೂ ತೋರುವುದಿಲ್ಲ.

ನನಗೆ ಒಳ್ಳೆಯದೆಂದು ಕಂಡದ್ದನ್ನು ಇನ್ನೊಬ್ಬರಿಗೆ ಹೇಳದೆ ಇಟ್ಟುಕೊಳ್ಳುವುದು ಸಜ್ಜನಿಕೆ ಎಂದು ನನಗೆ ಅನಿಸುವುದಿಲ್ಲ. ಆದರೆ ಪರೀಕ್ಷಾ ಭಯದ ಹೆಸರಿನಲ್ಲಿ ಕರೆದು ಪ್ರಾರ್ಥನೆ ಮಾಡಿಸಿದರಲ್ಲ, ಅದು ಸುಳ್ಳು. ಸುಳ್ಳಿನಿಂದ ಆರಂಭವಾದ ಸುವಾರ್ತೆ ನನಗೆ ಬೇಡ.

ಪ್ರಶ್ನಾರ್ಥಕ
ಅಪ್ಪ ಹೋದ ದುಃಖ, ಜ್ವರ, ಒಂಟಿತನ. ಇದಕ್ಕಿಂತ ಒಳ್ಳೆಯ ಸಮಯ ಅವರಿಗೆ ಸಿಗುತ್ತಿರಲಿಲ್ಲ. ಗಂಜಿಯೂ ಒಂದು ವಿಧಾನವೇ. ಬೇಸರ ಮಾಡಿಕೊಳ್ಳಬೇಡಿ.

ಮರಳದಂಡೆ
ಬೇಸರವಿಲ್ಲ. ಅದೇ ವಾರ ನನ್ನ ಕೋಣೆಗೆ ಗಂಜಿ ತರಲು ನಾಸ್ತಿಕರಿಗೂ ಬಾಗಿಲು ತೆರೆದೇ ಇತ್ತು.

ಬಾಂಗಡೆ ಪ್ರಿಯ
ಪ್ರಶ್ನಾರ್ಥಕರಿಗೆ ಈಗ ಒಂದು ಲೋಟ ನೀರು ಕೊಡಿ.

ಅಘನಾಶಿನಿ
ನಾನು ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಮರಳದಂಡೆಯವರ ಅನುಭವವನ್ನು ನಂಬುತ್ತೇನೆ. ಆದರೆ ಅದರ ತದ್ವಿರುದ್ಧವಾದದ್ದನ್ನೂ ಕಣ್ಣಾರೆ ಕಂಡಿದ್ದೇನೆ.

ಮೊದಲ ವರ್ಷಕ್ಕೆ ಬಂದ ಹುಡುಗಿ, ಘಟ್ಟದ ಒಳಗಿನ ಊರು, ಬಸ್ಸು ದಿನಕ್ಕೆ ಎರಡು. ಅವಳನ್ನು ಒಂದು ಗುಂಪು ಹಿಡಿಯಿತು. ಯಾವ ಮತದ ಗುಂಪು ಎಂದು ಬೇಕೆಂದೇ ಹೇಳುವುದಿಲ್ಲ, ನೀವೇ ಊಹಿಸಿಕೊಳ್ಳಿ, ನಿಮ್ಮ ಊಹೆ ನಿಮ್ಮ ಬಗ್ಗೆ ಹೇಳುತ್ತದೆ. ಊಟಕ್ಕೆ ಜೊತೆ, ಓದಲು ಜೊತೆ, ಸಮುದ್ರಕ್ಕೆ ಹೋದರೆ ಜೊತೆ. ಎರಡು ತಿಂಗಳಲ್ಲಿ ಅವಳಿಗೆ ಆ ಗುಂಪಿನ ಹೊರಗೆ ಒಬ್ಬ ಗೆಳತಿಯೂ ಉಳಿಯಲಿಲ್ಲ. ಒಂದು ಭಾನುವಾರ ಅವಳು ‘ನನಗೆ ತಲೆನೋವು, ಬರುವುದಿಲ್ಲ’ ಎಂದಳು. ಆ ಸಂಜೆಯಿಂದ ಮಾತು ಬಂದ್. ಮೆಸ್ಸಿನಲ್ಲಿ ಒಬ್ಬಳೇ ಕೂತು ಅನ್ನಕ್ಕೆ ಸಾರು ಕಲಸುತ್ತ ಅರ್ಧ ಗಂಟೆ ಕಲಸಿದಳು, ತಿನ್ನಲಿಲ್ಲ. ಮುಂದಿನ ಭಾನುವಾರ ತಾನಾಗಿಯೇ ಹೋದಳು. ಅದನ್ನು ಒಪ್ಪಿಗೆ ಎನ್ನುತ್ತೀರಾ?

ಕಾನೂನಿನಲ್ಲಿ ಇದಕ್ಕೆ ಹೆಸರಿಲ್ಲ. ಯಾರೂ ಹೊಡೆದಿಲ್ಲ, ಆಮಿಷ ಒಡ್ಡಿಲ್ಲ. ಗೆಳೆತನ ಕೊಟ್ಟು ಹಿಂದಕ್ಕೆ ತೆಗೆದುಕೊಂಡರು. ಕಾಳಿತೀರ ಅವರ ಹತ್ತಿರ ಬಂದ ಆ ಹುಡುಗನದ್ದೂ ಇದೇ ಕಥೆ ಅಲ್ಲವೇ, ಅವನದು ಸ್ವಂತ ಮತದೊಳಗೆ ಅಷ್ಟೇ.

ಭಟ್ಕಳದ ನವಾಯತ
ವಾರ್ಡನ್ ಮೇಡಂ, ನೂರಕ್ಕೆ ನೂರು. ಹೊರಗಿನವರು ಬಂದು ನಮ್ಮ ಮತ ಬದಲಿಸುತ್ತಾರೆ ಎಂದು ಎಲ್ಲರೂ ಕಾವಲು ಕಾಯುತ್ತಾರೆ. ನನ್ನ ಕಾಲೇಜು ದಿನಗಳಲ್ಲಿ ನನ್ನನ್ನು ಬದಲಿಸಲು ಬಂದವರೆಲ್ಲ ನಮ್ಮವರೇ. ಗಡ್ಡ ಯಾಕಿಲ್ಲ, ಸಂಗೀತ ಯಾಕೆ ಕೇಳುತ್ತೀ, ಯಕ್ಷಗಾನಕ್ಕೆ ಯಾಕೆ ಹೋದೆ? ಹೌದು, ನಾನು ರಾತ್ರಿಯಿಡೀ ಕೂತು ಯಕ್ಷಗಾನ ನೋಡುವವನು, ಏನೀಗ. ಒಳಗಿನ ಉಪದೇಶಕರಿಗೆ ಯಾವ ಕಾಯ್ದೆಯೂ ತಾಗುವುದಿಲ್ಲ, ಏಕೆಂದರೆ ಅಲ್ಲಿ ಮತಾಂತರವೇ ಇಲ್ಲ. ಹುಡುಗಿಯರಿಗಂತೂ ಎರಡು ಕಡೆಯಿಂದ. 2022ರಲ್ಲಿ ಒಬ್ಬರು ತಲೆಗೆ ಬಟ್ಟೆ ಹಾಕಿಕೊಳ್ಳಲೇಬೇಕು ಎಂದರು, ಇನ್ನೊಬ್ಬರು ತೆಗೆಯಲೇಬೇಕು ಎಂದರು. ನಡುವೆ ನನ್ನ ತಂಗಿಯ ಪರೀಕ್ಷೆ ಹೋಯಿತು.

ಘಟ್ಟದ ಮೇಲಿನವ
ಸಮವಸ್ತ್ರದ ವಿಷಯ ಹೈಕೋರ್ಟಿನಲ್ಲಿ ತೀರ್ಮಾನವಾಗಿದೆ. 2022ರ ಮಾರ್ಚ್ 15.

ಕುಮಟಾ ವಕೀಲ
ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿನ ತೀರ್ಪು ಕೊಟ್ಟರು ಎಂಬುದನ್ನೂ ಸೇರಿಸಿ. ದಯವಿಟ್ಟು ಆ ಹಗ್ಗವನ್ನು ಇಲ್ಲಿ ಎಳೆಯಬೇಡಿ, ಇನ್ನೂರು ಪ್ರತಿಕ್ರಿಯೆ ಬರುತ್ತವೆ, ಮೇಷ್ಟ್ರ ಅರ್ಧ ಪುಟ ಖಾಲಿಯೇ ಉಳಿಯುತ್ತದೆ.

ಬಾಂಗಡೆ ಪ್ರಿಯ
ಕಾರವಾರದಲ್ಲಿ ಕೂತು ಹಾಸ್ಟೆಲಿನಲ್ಲಿ ಮೀನು ಬೇಡ ಎನ್ನುವುದು ಯಾವ ಮತಪ್ರಚಾರ? ಅದರ ಬಗ್ಗೆಯೂ ಒಂದು ನಿಯಮ ಬರಲಿ. ನಮ್ಮ ಮೆಸ್ಸಿನಲ್ಲಿ ಮೂರು ವರ್ಷ ಬರೀ ಸಾಂಬಾರು. ಕಿಟಕಿಯಿಂದ ದೋಣಿ ಕಾಣುತ್ತಿತ್ತು, ತಟ್ಟೆಯಲ್ಲಿ ಕುಂಬಳಕಾಯಿ.

ಹಲಸಿನ ಹಪ್ಪಳ
ಒಂದೇ ಅಡುಗೆ ಮನೆಯಾದರೆ ನಮ್ಮಂಥವರು ಏನು ಮಾಡಬೇಕು? ಎರಡು ಒಲೆ ಇಡುವಷ್ಟು ದುಡ್ಡಿದ್ದರೆ ಇಡಲಿ, ನನ್ನ ತಕರಾರಿಲ್ಲ.

ಭಟ್ಕಳದ ನವಾಯತ
ನನ್ನ ಕೋಣೆಯ ಗೆಳೆಯ ಶಿರಸಿಯ ಹೆಗಡೆ ಮನೆಯವನು. ಅವನ ಅಮ್ಮ ಕಳಿಸುತ್ತಿದ್ದ ಅಪ್ಪೆಮಿಡಿಯನ್ನು ನಾನು ಖಾಲಿ ಮಾಡುತ್ತಿದ್ದೆ. ನಮ್ಮ ಮನೆಯಿಂದ ಬಂದದ್ದನ್ನು ಅವನು ಏನು ಮಾಡುತ್ತಿದ್ದ ಎಂದು ಅವನ ಅಮ್ಮನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಬನವಾಸಿ ದಾರಿ
ಮೀನಿನಿಂದ ಸ್ವಲ್ಪ ಹಿಂದಕ್ಕೆ ಹೋಗೋಣ, ಎರಡು ಸಾವಿರ ವರ್ಷಕ್ಕಿಂತ ಹಿಂದಕ್ಕೆ. ಮತಪ್ರಚಾರ ನಮ್ಮ ಜಿಲ್ಲೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಅಶೋಕನ ಕಾಲದ ಬೌದ್ಧ ಸಂಗೀತಿಯ, ಅಂದರೆ ಭಿಕ್ಷುಗಳ ಮಹಾಸಭೆಯ, ನಂತರ ರಕ್ಖಿತ ಎಂಬ ಭಿಕ್ಷುವನ್ನು ವನವಾಸ ಎಂಬ ನಾಡಿಗೆ ಕಳಿಸಿದರು ಎಂದು ಸಿಂಹಳದ ಹಳೆಯ ಚರಿತ್ರೆಯ ಗ್ರಂಥ ಮಹಾವಂಸ ಹೇಳುತ್ತದೆ. ವನವಾಸ ಎಂದರೆ ನಮ್ಮ ಬನವಾಸಿ ಎಂದು ಇತಿಹಾಸಕಾರರು ಬಹುಮಟ್ಟಿಗೆ ಗುರುತಿಸುತ್ತಾರೆ. ಅಂದರೆ ಶಿರಸಿ ತಾಲ್ಲೂಕಿಗೆ ಬಂದ ಪ್ರಚಾರಕರಲ್ಲಿ ಹೆಸರು ಉಳಿದಿರುವ ಮೊದಲಿಗ ಬೌದ್ಧ.

ಅದೇ ಅಶೋಕ ತನ್ನ ಹನ್ನೆರಡನೇ ಬಂಡೆ ಶಾಸನದಲ್ಲಿ ಇನ್ನೊಂದು ಮಾತು ಕೆತ್ತಿಸಿದ್ದಾನೆ. ಮಾತಿನಲ್ಲಿ ಸಂಯಮ ಇರಲಿ, ಸುಮ್ಮಸುಮ್ಮನೆ ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ತೆಗಳುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ ಎಂದು. ಆ ಶಾಸನದ ಒಂದು ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ. ಯಾರ ಕಾಲದಲ್ಲಿ ಪ್ರಚಾರಕರು ಹೊರಟರೋ ಆ ದೊರೆಯೇ ಪ್ರಚಾರಕ್ಕೆ ಲಗಾಮನ್ನೂ ಬರೆದ. ಕಾಳಿತೀರ ಅವರ ಅರ್ಧ ಪುಟಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಎಲ್ಲಿದೆ?

ಸೋಂದಾಕ್ಕೆ ಹೋಗಿ ನೋಡಿ. ಅದ್ವೈತದ ಸ್ವರ್ಣವಲ್ಲಿ ಮಠ, ಮಾಧ್ವರ ಸೋದೆ ವಾದಿರಾಜ ಮಠ, ಸ್ವಾದಿ ಜೈನ ಮಠ, ಮೂರೂ ಅಕ್ಕಪಕ್ಕ. ವಾದ ಮಾಡಿಕೊಂಡೇ ಶತಮಾನಗಳಿಂದ ಇವೆ.

ಪ್ರಶ್ನಾರ್ಥಕ
ಗತಕಾಲಕ್ಕೆ ಬಣ್ಣ ಬಳಿಯಬೇಡಿ. ಇದೇ ಕರಾವಳಿಗೆ ಎಷ್ಟೋ ಕೊಂಕಣಿ ಕುಟುಂಬಗಳು ದೇವರ ಮೂರ್ತಿಯನ್ನು ಹೊತ್ತುಕೊಂಡು ಓಡಿ ಬಂದದ್ದು ಗೋವೆಯಿಂದ. ಅಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿ 1560ರಲ್ಲಿ ಆರಂಭವಾದ ಇನ್‌ಕ್ವಿಸಿಶನ್ ಎಂಬ ಕ್ರೈಸ್ತ ಮತವಿಚಾರಣೆ 1812ರವರೆಗೆ ನಡೆಯಿತು, ನಡುವೆ ಕೆಲವು ವರ್ಷ ಬಿಟ್ಟು. ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಕೋಡಿಬಾಗದ ಗಾಳಿ
ಅದರ ಕಾಟ ತಾಳಲಾರದೆ ಈ ಕಡೆ ಬಂದವರಲ್ಲಿ ಕ್ರೈಸ್ತರಾಗಿದ್ದವರೂ ಇದ್ದರು. ಇನ್‌ಕ್ವಿಸಿಶನ್ ಹೆಚ್ಚು ಹಿಂಸಿಸಿದ್ದು ಮತಾಂತರವಾದವರನ್ನೇ, ಮನೆಯಲ್ಲಿ ಹಳೆಯ ಪದ್ಧತಿ ಉಳಿಸಿಕೊಂಡಿದ್ದಾರೆ ಎಂಬ ಅನುಮಾನದ ಮೇಲೆ. ಭಟ್ಕಳದವರು ಹೇಳಿದ ಒಳಗಿನ ಉಪದೇಶಕರ ಹಳೆಯ ರೂಪ ಅದು.

ಮುಂಡಗೋಡ ಕ್ಯಾಂಪಿನ ಪಕ್ಕದವ
ನಮ್ಮಲ್ಲಿ 1966ರಿಂದ ಟಿಬೆಟಿಯನ್ನರು ಇದ್ದಾರೆ. ದೊಡ್ಡ ದೊಡ್ಡ ಮಠಗಳು, ಸಾವಿರಾರು ಭಿಕ್ಷುಗಳು. ಸಂತೆಯಲ್ಲಿ ಜೊತೆಗೇ ಟೊಮೆಟೊ ಆರಿಸುತ್ತೇವೆ. ಇಷ್ಟು ವರ್ಷದಲ್ಲಿ ಒಬ್ಬ ಭಿಕ್ಷುವೂ ನನ್ನನ್ನು ಬೌದ್ಧನಾಗು ಎಂದಿಲ್ಲ. ದಲೈ ಲಾಮಾ ಅವರೇ, ಹುಟ್ಟಿದ ಸಂಪ್ರದಾಯದಲ್ಲಿ ಇರುವುದು ಒಳ್ಳೆಯದು ಎಂದು ಮತ್ತೆ ಮತ್ತೆ ಹೇಳುತ್ತಾರೆ. ಪ್ರಚಾರ ಮಾಡದೆಯೂ ಗೌರವ ಗಳಿಸಬಹುದು.

ಕಾಡಿನ ಡಮಾಮಿ
ಹುಟ್ಟಿದ ಸಂಪ್ರದಾಯ ಒಳ್ಳೆಯದಾಗಿದ್ದವರಿಗೆ ಆ ಮಾತು ಸರಿ. ಹುಟ್ಟಿನಿಂದ ಬಾಗಿಲ ಹೊರಗೆ ನಿಲ್ಲಿಸಿಕೊಂಡವರಿಗೆ? ಅಂಬೇಡ್ಕರ್ 1935ರಲ್ಲಿ ಮಹಾರಾಷ್ಟ್ರದ ಯೇವಲೆಯಲ್ಲಿ ‘ಹಿಂದೂವಾಗಿ ಸಾಯುವುದಿಲ್ಲ’ ಎಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ನಡುವೆ 21 ವರ್ಷ ಓದಿದರು, ಎಲ್ಲ ಮತದವರ ಆಹ್ವಾನವನ್ನೂ ತೂಗಿ ನೋಡಿದರು. ಮತ ಬದಲಿಸುವುದು ತಪ್ಪು ಎಂಬಂತೆ ಇಲ್ಲಿ ಕೆಲವರು ಮಾತಾಡುತ್ತಿರುವುದರಿಂದ ಹೇಳಿದೆ. ಮೂರು ದಿನದ ಶಿಬಿರದಲ್ಲಿ ಮಕ್ಕಳ ಕೈ ಎತ್ತಿಸಿ ‘ಒಪ್ಪಿದೆ’ ಎನ್ನಿಸುವವರು ಈ 21 ವರ್ಷವನ್ನು ನೆನೆಯಲಿ.

ನಾನು ಯಲ್ಲಾಪುರ ಕಡೆಯ ಸಿದ್ದಿ. ನಮ್ಮಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಡಮಾಮಿ ಬಾರಿಸಿದರೆ ಮೂವರ ಕಾಲೂ ಕುಣಿಯುತ್ತದೆ. ನಾನು ಕಾಲೇಜಿಗೆ ಬಂದಾಗ ಮೂರು ಮತದ ಉತ್ಸಾಹಿಗಳೂ ಬೇರೆ ಬೇರೆಯಾಗಿ ಬಂದು ಒಂದೇ ಮಾತು ಹೇಳಿದರು: ನಿಮ್ಮ ಹಿರಿಯರಿಗೆ ಇಡುವ ಪದ್ಧತಿ ಸರಿಯಲ್ಲ, ನೀವು ಇನ್ನೂ ಪೂರ್ತಿ ನಮ್ಮವರಾಗಿಲ್ಲ. ಅಷ್ಟರ ಮಟ್ಟಿಗೆ ಸರ್ವಧರ್ಮ ಸಮನ್ವಯ.

ಬಾಂಗಡೆ ಪ್ರಿಯ
ಕೊನೆಯ ಸಾಲಿಗೆ ಎದ್ದು ನಿಂತು ಚಪ್ಪಾಳೆ.

ಕುಮಟಾ ವಕೀಲ
ಸಂವಿಧಾನ ಸಭೆಯಲ್ಲೂ ಇದೇ ವಾಗ್ವಾದ ನಡೆದಿತ್ತು. 1948ರ ಡಿಸೆಂಬರಿನಲ್ಲಿ ಲೋಕನಾಥ ಮಿಶ್ರ ಅವರು ಪ್ರಚಾರದ ಹಕ್ಕನ್ನು ಕೈಬಿಡಬೇಕೆಂದು ಬಲವಾಗಿ ವಾದಿಸಿದರು. ಟಿ.ಟಿ. ಕೃಷ್ಣಮಾಚಾರಿ ಎದ್ದು ನಿಂತು, ತಾವು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದ್ದಾಗಿಯೂ ಯಾರೂ ತಮ್ಮನ್ನು ಮತಾಂತರಿಸಲು ಯತ್ನಿಸಲಿಲ್ಲವೆಂದೂ ಹೇಳಿದರು. ಹಕ್ಕು ಉಳಿಯಿತು.

ನಮ್ಮ ರಾಜ್ಯದ 2022ರ ಮತಾಂತರ ತಡೆ ಕಾಯ್ದೆಯಲ್ಲಿ ಒತ್ತಾಯ, ಅನುಚಿತ ಪ್ರಭಾವ, ಆಮಿಷ, ವಂಚನೆ, ಮದುವೆಯ ಭರವಸೆ ಎಲ್ಲವನ್ನೂ ಸೇರಿಸಿ, ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದು ಬರೆದರು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಕಾಲೇಜಿನ ನಿಯಮವನ್ನು ಇಂಥ ಕಾಯ್ದೆಯ ಮೇಲೆ ನಿಲ್ಲಿಸಬೇಡಿ, ಸರ್ಕಾರ ಬದಲಾದಾಗಲೆಲ್ಲ ನಿಮ್ಮ ಸೂಚನಾ ಫಲಕವೂ ಬದಲಾಗಬೇಕಾದೀತು. ಶಿಸ್ತಿನ ನಿಯಮವಾಗಿ ಬರೆಯಿರಿ. ಮತವನ್ನು ನೋಡಬೇಡಿ, ನಡತೆಯನ್ನು ನೋಡಿ.

ಅಘನಾಶಿನಿ
ಅದರಲ್ಲಿ ಮೊದಲು ಬರಬೇಕಾದವರು ಮೇಷ್ಟ್ರುಗಳು ಮತ್ತು ವಾರ್ಡನ್‌ಗಳು. ಆಂತರಿಕ ಅಂಕ ಕೈಯಲ್ಲಿ ಇಟ್ಟುಕೊಂಡವರು ‘ಭಾನುವಾರ ನಮ್ಮ ಸತ್ಸಂಗಕ್ಕೆ ಬಾರಮ್ಮ’ ಎಂದರೆ ಯಾವ ಹುಡುಗಿ ಇಲ್ಲ ಎಂದಾಳು? ಅದು ಪ್ರಾರ್ಥನಾ ಕೂಟವಾಗಲಿ, ಭಜನೆಯಾಗಲಿ. ಗೆಳತಿ ಕರೆದರೆ ಬೇಡ ಎನ್ನಬಹುದು, ಕಷ್ಟಪಟ್ಟಾದರೂ.

ಕಾಳಿತೀರ
ಎಲ್ಲರಿಗೂ ಕೃತಜ್ಞತೆ, ಮೀನಿನವರಿಗೂ. ನಿನ್ನೆ ರಾತ್ರಿ ಕೂತು ಬರೆದ ಕರಡು ಇದು. ತೂತು ಇದ್ದರೆ ಹೇಳಿ.

‘ವಿದ್ಯಾರ್ಥಿಗಳು ತಮ್ಮ ನಂಬಿಕೆಯ ಬಗ್ಗೆ ಪರಸ್ಪರ ಮಾತಾಡಲು, ವಾದಿಸಲು, ನಂಬದಿರಲು ಸ್ವತಂತ್ರರು. ಬೇಡ ಎಂದವರನ್ನು ಮತ್ತೆ ಕರೆಯುವುದು, ಹಾಸ್ಟೆಲ್ ಕೋಣೆಯ ಬಾಗಿಲು ಬಡಿದು ಕರೆಯುವುದು ಕೂಡದು. ಬೋಧಕರು ಮತ್ತು ವಾರ್ಡನ್‌ಗಳು ತಮ್ಮ ವಿದ್ಯಾರ್ಥಿಗಳನ್ನು ಯಾವುದೇ ಮತದ ಕಾರ್ಯಕ್ರಮಕ್ಕೆ ಕರೆಯಬಾರದು. ಹೊರಗಿನ ಸಂಸ್ಥೆಯ ಕಾರ್ಯಕ್ರಮದಲ್ಲಿ ಪ್ರಾರ್ಥನೆ, ಪೂಜೆ, ಬೋಧನೆ ಇದ್ದರೆ ಅದನ್ನೂ ನಡೆಸುವವರ ಹೆಸರನ್ನೂ ಭಿತ್ತಿಪತ್ರದಲ್ಲೇ ನಮೂದಿಸಬೇಕು. ಇದಕ್ಕೆ ಹಾಜರಾತಿ ಇಲ್ಲ, ಪಿಯುಸಿ ವಿದ್ಯಾರ್ಥಿಗಳಿಗೆ ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಪ್ರವೇಶವಿಲ್ಲ. ವಿದ್ಯಾರ್ಥಿಗಳ ಮೊಬೈಲ್ ಸಂಖ್ಯೆ, ಮನೆಯ ವಿವರ ಸಂಗ್ರಹಿಸುವಂತಿಲ್ಲ. ನಂಬಿಕೆಯ ಕಾರಣಕ್ಕೆ ಯಾರನ್ನಾದರೂ ಬೆದರಿಸಿದರೆ, ಬೆದರಿಸಿದವರು ಒಳಗಿನವರಾಗಲಿ ಹೊರಗಿನವರಾಗಲಿ, ಕಾಲೇಜೇ ದೂರು ಕೊಡುತ್ತದೆ.’

ಹಲಸಿನ ಹಪ್ಪಳ
ಇದರ ಪ್ರಕಾರ ಸರಸ್ವತಿ ಪೂಜೆಯ ಗತಿ?

ಕಾಳಿತೀರ
ನಡೆಯಲಿ. ತರಗತಿಯ ವೇಳೆ ಬಿಟ್ಟು, ಬರುವವರು ಬರಲಿ. ಬರದವರು ಗ್ರಂಥಾಲಯದಲ್ಲಿ ಕೂರಲಿ, ಮೇಷ್ಟ್ರು ಅಡ್ಡಹೆಸರು ಇಡದಿರಲಿ.

ಪ್ರಶ್ನಾರ್ಥಕ
ಹಳೆಯದಾದ್ದರಿಂದ ಅದಕ್ಕೆ ರಿಯಾಯಿತಿ, ಹೊಸದಾದ್ದರಿಂದ ಕಾರ್ಯಾಗಾರಕ್ಕೆ ಷರತ್ತು. ಬಹುಸಂಖ್ಯಾತರ ಸೋಗು ಇದೇ. ಪೂಜೆಯ ಭಿತ್ತಿಪತ್ರದಲ್ಲೂ ಪೂಜೆ ಎಂದು ಬರೆಯಲಿ, ‘ಸಾಂಸ್ಕೃತಿಕ ದಿನ’ ಎಂದಲ್ಲ.

ಕಾಳಿತೀರ
ಒಪ್ಪಿದೆ. ಸೇರಿಸುತ್ತೇನೆ.

ಮರಳದಂಡೆ
‘ಬೇಡ ಎಂದವರನ್ನು ಮತ್ತೆ ಕರೆಯುವುದು ಕೂಡದು’ ಎಂಬುದು ಸರಿಯಾದ ಸಾಲು. ಆದರೆ ಬೇಡ ಎಂದವಳ ಜೊತೆ ಗೆಳೆತನ ಮುಂದುವರಿಸಬೇಕು ಎಂದು ನಿಯಮ ಮಾಡಲು ಬರುತ್ತದೆಯೇ? ವಾರ್ಡನ್ ಮೇಡಂ ಹೇಳಿದ ಹುಡುಗಿಗೆ ಈ ಕರಡಿನಲ್ಲಿ ಏನೂ ಇಲ್ಲ.

ಅಘನಾಶಿನಿ
ಇಲ್ಲ. ಅದು ಕಾಗದದಲ್ಲಿ ಆಗುವ ಕೆಲಸವಲ್ಲ. ನಾನು ಆಗ ಮಾಡಿದ್ದು ಇಷ್ಟು: ಮೊದಲ ವರ್ಷದವರ ಕೋಣೆಗಳನ್ನು ಪ್ರತಿ ಅವಧಿಗೂ ಬದಲಿಸಿದೆ, ಒಂದೇ ಗುಂಪು ಒಂದೇ ಕಡೆ ಸೇರದ ಹಾಗೆ. ಬೈಗುಳ ತಿಂದೆ. ಆ ಹುಡುಗಿಗೆ ಹೊಸ ಕೋಣೆಯಲ್ಲಿ ಇಬ್ಬರು ಸಿಕ್ಕಿದರು, ಇಬ್ಬರಿಗೂ ದೇವರ ಚಿಂತೆ ಇರಲಿಲ್ಲ, ಕಬಡ್ಡಿಯ ಚಿಂತೆ ಇತ್ತು.

ಘಟ್ಟದ ಮೇಲಿನವ
ನಿಯಮ ಚೆನ್ನಾಗಿದೆ. ಜಾರಿಯಾಗುವುದು ನಮ್ಮವರ ಮೇಲೆ ಮಾತ್ರ, ನೋಡುತ್ತಿರಿ.

ಭಟ್ಕಳದ ನವಾಯತ
ನಾನೂ ಅದನ್ನೇ ಬರೆಯುವವನಿದ್ದೆ, ನಮ್ಮವರ ಮೇಲೆ ಮಾತ್ರ ಎಂದು.

ಕುಮಟಾ ವಕೀಲ
ಇಬ್ಬರಿಗೂ ಒಂದೇ ಅನುಮಾನ ಇದೆ ಎಂದರೆ ಕರಡು ಸರಿಯಾಗಿದೆ. ದೂರು ವಿಚಾರಿಸುವ ಸಮಿತಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿರಲಿ, ಒಂದೇ ಮತದವರು ಬೇಡ.

ಹಲಸಿನ ಹಪ್ಪಳ
ಇನ್ನೊಂದು ಸಂಶಯ. ಚೌತಿಗೆ ಹುಡುಗರು ತರಗತಿಗೆ ಡಬ್ಬಿ ತಂದು ವಂತಿಗೆ ಎತ್ತುತ್ತಾರಲ್ಲ, ಅದು?

ಕಾಳಿತೀರ
ಡಬ್ಬಿಯನ್ನು ಕಚೇರಿಯ ಎದುರು ಇಡಲಿ, ತರಗತಿಗೆ ಬೇಡ. ಕೊಟ್ಟವರ ಹೆಸರಿನ ಪಟ್ಟಿಯನ್ನು ಗೋಡೆಗೆ ಹಚ್ಚುವುದೂ ಬೇಡ. ಅದು ಕೊಡದವರ ಪಟ್ಟಿಯೂ ಹೌದು.

ಹಲಸಿನ ಹಪ್ಪಳ
ಪಟ್ಟಿ ಹಚ್ಚದಿದ್ದರೆ ಯಾರೂ ಕೊಡುವುದಿಲ್ಲ ಮಾರಾಯರೇ.

ಕಾಳಿತೀರ
ಗಣಪತಿ ಸ್ವಲ್ಪ ಚಿಕ್ಕದಾಗಲಿ.

ಬಾಂಗಡೆ ಪ್ರಿಯ
ಅದಕ್ಕೂ ಮೊದಲು ಹೋದ ವರ್ಷದ ವಂತಿಗೆಯ ಲೆಕ್ಕ ಕೊಡಿಸಿ. ನಾನೂ ನೂರು ರೂಪಾಯಿ ಹಾಕಿದ್ದೇನೆ.